ಪ್ಯಾನಲ್ ಅಕ್ಕ

ಮೋಟರಿಗೊಂದು ಸ್ಟಾರ್ಟರ್ ಬೇಕು ಎಂದು ಅರಸೀಕೆರೆಯ ಅಕ್ಕನ ಅಂಗಡಿಗೆ ಹೋದವರು ಮೊದಲ ದಿನವೇ ಅದನ್ನು ಹಿಡಿದುಕೊಂಡು ಬಂದದ್ದನ್ನು ನಾನು ನೋಡಿಲ್ಲ. ಹೋದವರಿಗೆ ಒಂದು ಕುರ್ಚಿ ಸಿಗುತ್ತಿತ್ತು, ಆಮೇಲೆ ಪ್ರಶ್ನೆಗಳು ಶುರುವಾಗುತ್ತಿದ್ದವು. ಉತ್ತರ ಗೊತ್ತಿಲ್ಲದಿದ್ದರೆ "ಹೋಗಿ ನೋಡ್ಕೊಂಡು ಬನ್ನಿ" ಎಂದು ಎಬ್ಬಿಸಿ ಕಳಿಸುತ್ತಿದ್ದರು. ಕಳೆದ ತಿಂಗಳು ಅವರು ತೀರಿಕೊಂಡರು. ಕೊನೆಗಾಲದಲ್ಲಿ ಬಸ್ತಿಹಳ್ಳಿಯ ತಂಗಿಯ ಮನೆಯಲ್ಲಿದ್ದರು. ನಾನು ಹೋಗಿ ಬಂದೆ. ಅಲ್ಲಿ ಕೂತಿದ್ದವರೆಲ್ಲ ಅವರನ್ನು ದೊಡ್ಡ ಬುದ್ಧಿವಂತೆ ಎಂದು ಹೊಗಳುತ್ತಿದ್ದರು. ನಾನೂ ತಲೆಯಾಡಿಸಿದೆ. ಆದರೆ ಅವರ ವಿಷಯದಲ್ಲಿ ನನಗೆ ಖಚಿತವಾಗಿ ಗೊತ್ತಿರುವುದು ಬಹಳ ಕಡಿಮೆ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಅನ್ನಿಸಿತು.

ಎಲ್ಲರೂ ಅವರನ್ನು ಪ್ಯಾನಲ್ ಅಕ್ಕ ಎನ್ನುತ್ತಿದ್ದರು. ಮೋಟರನ್ನು ಶುರುಮಾಡುವ, ನಿಲ್ಲಿಸುವ, ಸುಡದಂತೆ ಕಾಯುವ ಸಾಮಾನುಗಳನ್ನೆಲ್ಲ ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಜೋಡಿಸಿದರೆ ಅದು ಪ್ಯಾನಲ್. ಅಕ್ಕ ಅದನ್ನು ತಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ ತಾವೇ ಕೂತು ಮಾಡುತ್ತಿದ್ದರು. ಓದಿದ್ದು ಎಲೆಕ್ಟ್ರಿಕಲ್ ಡಿಪ್ಲೊಮಾ. ಕೆಲವು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ, ಅದನ್ನು ಬಿಟ್ಟು ಅಂಗಡಿ ಹಾಕಿದವರು. ಕುಳ್ಳಗಿನ ಮೈ, ಬಿಗಿಯಾದ ತುರುಬು, ಸೀರೆಯ ಮೇಲೆ ಯಜಮಾನರ ಹಳೆಯ ಖಾಕಿ ಶರ್ಟು. ಓಡುತ್ತಿರುವ ಮೋಟರ್ ಕಂಡರೆ ಸಾಕು, ಅದು ಯಾರದೇ ಆಗಿರಲಿ, ಹತ್ತಿರ ಹೋಗಿ ಹಿಂಗೈ ಇಟ್ಟು ಬಿಸಿ ನೋಡುತ್ತಿದ್ದರು. ಒಮ್ಮೆ ಬೇಲೂರಿನಲ್ಲಿ ಕಬ್ಬಿನ ಹಾಲಿನ ಅಂಗಡಿಯವನ ಮೋಟರಿಗೂ ಹಾಗೆ ಮಾಡಿ, ಅವನು ಗಾಬರಿಯಾದದ್ದನ್ನು ನಾನೇ ಕಂಡಿದ್ದೇನೆ.

ನನ್ನದು ಬಿಕಾಂ. ನನ್ನ ಗಂಡ ಬೇಲೂರಿನಲ್ಲಿ ಮೇಷ್ಟ್ರು. ಮಾವನವರು ಗಂಡಸಿಯ ಹತ್ತಿರ ತೆಂಗಿನ ನಾರಿನ ಮಿಲ್ಲು ಹಾಕಿದ್ದರು. ಅವರಿಗೆ ಓಡಾಡಲು ಆಗದಂತಾದಾಗ ಅದನ್ನು ನೋಡಿಕೊಳ್ಳುವುದು ನನ್ನ ಹೆಗಲಿಗೆ ಬಿತ್ತು. ಕಾಯಿ ಸುಲಿದು ಬಿಟ್ಟ ಮಟ್ಟೆಯನ್ನು ಹಲ್ಲುಗಳಿರುವ ದೊಡ್ಡ ಡ್ರಮ್ಮಿಗೆ ಹಾಕಿದರೆ ನಾರು ಒಂದು ಕಡೆ, ಪುಡಿ ಒಂದು ಕಡೆ ಬೀಳುತ್ತದೆ. ನಾನು ಬಂದ ಹೊಸತರಲ್ಲೇ ಆ ಡ್ರಮ್ಮಿನ ಸ್ಟಾರ್ಟರ್ ಸುಟ್ಟುಹೋಯಿತು. ಎಷ್ಟು ಹೆಚ್‌ಪಿ ಮೋಟರ್ ಎಂದು ಕೇಳುತ್ತಾರೆಂದುಕೊಂಡು ಅದೊಂದನ್ನೇ ಬಾಯಿಪಾಠ ಮಾಡಿಕೊಂಡು ಅಕ್ಕನ ಅಂಗಡಿಗೆ ಹೋದೆ. ಅವರು ಅದನ್ನು ಕೇಳಲೇ ಇಲ್ಲ.

"ಏನು ತಿರುಗಿಸ್ತೀರಿ?"

"ಮಟ್ಟೆ ಹೊಡೆಯೋ ಡ್ರಮ್ಮು."

"ಶುರುಮಾಡುವಾಗ ಒಳಗೆ ಮಟ್ಟೆ ಇರುತ್ತಾ, ಖಾಲಿ ಇರುತ್ತಾ?"

"ಖಾಲಿ ಅನ್ಸುತ್ತೆ."

"ಅನ್ಸೋದು ಬೇಡ. ಬೆಳಗ್ಗೆ ಶುರುವಾದ್ರೆ ಸಂಜೆಗೇ ನಿಲ್ಲೋದೋ, ನಡುನಡುವೆ ನಿಲ್ಲಿಸ್ತೀರೋ? ಕರೆಂಟ್ ಹೋದಾಗ ಅದರ ಮುಂದೆ ಯಾರಿರ್ತಾರೆ?"

ಕೊನೆಯ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಸ್ಟಾರ್ಟರಿಗೂ ಡ್ರಮ್ಮಿನ ಮುಂದೆ ನಿಲ್ಲುವವರಿಗೂ ಏನು ಸಂಬಂಧ? "ಸಿದ್ದಮ್ಮ ಅಂತ ಇದಾರೆ, ಮಟ್ಟೆ ಹಾಕೋರು" ಎಂದೆ. "ಹಾಗಾದ್ರೆ ನಾಳೆ ಅವರನ್ನೂ ಕರ್ಕೊಂಡ್ ಬನ್ನಿ" ಎಂದರು. ಮರುದಿನ ಸಿದ್ದಮ್ಮ ಬಂದು ಕೆಲವಕ್ಕೆ ಉತ್ತರ ಹೇಳಿದಳು, ಕೆಲವಕ್ಕೆ ನನ್ನ ಮುಖ ನೋಡಿದಳು. ಆಗ ಅಕ್ಕ ತಾವೇ ಸ್ಕೂಟರ್ ಹತ್ತಿ ಗಂಡಸಿಗೆ ಬಂದರು.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಒಂದೇ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುವುದು. ನಾನೊಮ್ಮೆ ರೇಗಿ, "ಆಗಲೇ ಹೇಳಿದ್ನಲ್ಲ ಅಕ್ಕ" ಎಂದಾಗ ನಕ್ಕರು. "ಮೊದಲನೇ ಸಲ ಜನ ತಮಗೆ ಬೇಕಾದ್ದು ಹೇಳ್ತಾರೆ ಕಣೇ. ಎರಡನೇ ಸಲ ಇರೋದು ಹೇಳ್ತಾರೆ." ಈ ಅಭ್ಯಾಸದ ಮಾತು ಮುಂದೆ ಬರುತ್ತದೆ, ಅದಕ್ಕೇ ಹೇಳಿದೆ.

ಅವರು ನಮ್ಮ ಡ್ರಮ್ಮಿಗೆ ಕೊಟ್ಟದ್ದು ಸ್ಟಾರ್-ಡೆಲ್ಟಾ ಎನ್ನುವ ಹಳೆಯ ಬಗೆಯ ಸ್ಟಾರ್ಟರ್. ಮೊದಲು ಮೆಲ್ಲಗೆ ಎಬ್ಬಿಸಿ, ವೇಗ ಬಂದ ಮೇಲೆ ಪೂರ್ತಿ ಕರೆಂಟು ಬಿಡುವಂಥದ್ದು. ಅದೇ ಸುಮಾರಿಗೆ ಅರಸೀಕೆರೆಯ ಕೊಬ್ಬರಿ ಎಣ್ಣೆ ಮಿಲ್ಲಿನವರಿಗೆ, ಅಷ್ಟೇ ಹೆಚ್‌ಪಿ ಮೋಟರಿಗೆ, ಡ್ರೈವ್ ಎನ್ನುವ ಹೊಸ ಸಾಮಾನು ಹಾಕಿಕೊಟ್ಟರು. ಮೋಟರಿನ ವೇಗವನ್ನೇ ಬೇಕಾದಂತೆ ಏರಿಸಿ ಇಳಿಸುವ ಪೆಟ್ಟಿಗೆ ಅದು, ಮುಂದೆ ಪುಟ್ಟ ಪರದೆ ಬೇರೆ. ನನಗೆ ಬೇಜಾರಾಯಿತು. ಅವರಿಗೆ ಹೊಸದು, ನನಗೆ ಹಳೆಯದು ಏಕೆ ಎಂದು ಕೇಳಿಯೇಬಿಟ್ಟೆ.

"ಎಣ್ಣೆ ಗಾಣ ಕೊಬ್ಬರಿ ತುಂಬಿದಾಗಲೇ ನಿಂತ್ರೆ ತುಂಬಿದ ಹೊಟ್ಟೆಯಲ್ಲೇ ಮತ್ತೆ ಏಳ್ಬೇಕು. ಆಗ ಮೊದಲ ತಿರುವಿಗೇ ಪೂರ್ತಿ ಶಕ್ತಿ ಬೇಕು. ನಿಮ್ಮ ಡ್ರಮ್ಮು ಖಾಲಿ ಹೊಟ್ಟೆಯಲ್ಲಿ ಏಳುತ್ತೆ. ಅಲ್ದೆ ನಿಮ್ಮಲ್ಲಿ ಎಲ್ಲಿ ನೋಡಿದರೂ ನಾರಿನ ಪುಡಿ. ಡ್ರೈವ್ ಅದನ್ನು ಉಸಿರಾಡಿ ಆರು ತಿಂಗಳಿಗೆ ಸಾಯುತ್ತೆ."

ಸರಿ ಎಂದುಕೊಂಡೆ. ಮುಂದಿನ ವರ್ಷ ಹಳೇಬೀಡಿನಲ್ಲಿ ಬಳಪದ ಕಲ್ಲು ಕೊಯ್ಯುವವರಿಗೆ ಡ್ರೈವ್ ಹಾಕಿದರು. ಅಲ್ಲಿ ನಮಗಿಂತ ಹೆಚ್ಚು ಧೂಳು. ಕೇಳಿದರೆ, "ಡ್ರೈವ್ ಇಡೋಕೆ ಅವರ ಹತ್ರ ಬಾಗಿಲಿರೋ ಬೇರೆ ರೂಮಿದೆ" ಎಂದರು. ಬೇಲೂರಿನ ರಾಗಿ ಗಿರಣಿಯವರು ಡ್ರೈವೇ ಬೇಕೆಂದು ಹಟ ಹಿಡಿದಾಗ, ಗುಂಡಿ ಒತ್ತಿದರೆ ನೇರವಾಗಿ ಓಡುವ ಎಲ್ಲಕ್ಕಿಂತ ಸರಳವಾದ ಸ್ಟಾರ್ಟರ್ ಕೊಟ್ಟು ಕಳಿಸಿದರು. ಚಿಕ್ಕ ಮೋಟರು, ಒಂದೇ ವೇಗ, ಇಷ್ಟು ಸಾಕು ಎಂದರು. ಪ್ರತಿಸಲವೂ ಅವರು ಹೇಳಿದ ಕಾರಣ ಸರಿಯೆನಿಸುತ್ತಿತ್ತು. ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಒಂದು ನಿಯಮ ಮಾಡಿಕೊಳ್ಳೋಣವೆಂದರೆ ನನಗೆ ಆಗುತ್ತಿರಲಿಲ್ಲ.

ಅವರೇನು ತಪ್ಪೇ ಮಾಡದವರಲ್ಲ. ನಮ್ಮ ಮಟ್ಟೆ ಸಾಗಿಸುವ ಬೆಲ್ಟಿಗೆ ಮೊದಲು ಹಾಕಿಕೊಟ್ಟ ಸ್ಟಾರ್ಟರ್ ಕೆಲಸಕ್ಕೆ ಬರಲಿಲ್ಲ. ನೆನೆಸಿದ ಮಟ್ಟೆ ಹೊತ್ತ ಬೆಲ್ಟು ಮಿಸುಕಲಿಲ್ಲ, ಮೋಟರು ಗೊರಗೊರ ಎಂದು ನಿಂತಿತು. ಅಕ್ಕ ಬಂದು, ಒಂದು ಮಟ್ಟೆಯನ್ನು ಕೈಯಲ್ಲಿ ತೂಗಿ ನೋಡಿ, "ನೆನೆಸಿ ಹಾಕ್ತೀರಾ ಅಂತ ಕೇಳಲೇ ಇಲ್ವಲ್ಲ ನಾನು" ಎಂದು ಹೇಳಿ ಪೆಟ್ಟಿಗೆ ಬಿಚ್ಚಿಕೊಂಡು ಹೋದರು. ಸಿಟ್ಟೂ ಜೋರು. ತಮ್ಮ ಅಂಗಡಿಯ ರಸ್ತೆಯಲ್ಲೇ ಇದ್ದ ಇನ್ನೊಂದು ಎಲೆಕ್ಟ್ರಿಕಲ್ ಅಂಗಡಿಯವರ ಜೊತೆ ವರ್ಷಗಟ್ಟಲೆ ಮಾತಿರಲಿಲ್ಲ. ಅವರು ಗಿರಾಕಿ ಕೇಳಿದ್ದನ್ನು ಸುಮ್ಮನೆ ಕೊಟ್ಟುಬಿಡುತ್ತಾರೆ ಎಂಬುದು ಅಕ್ಕನ ದೂರು. ಅದು ದೂರು ಹೇಗಾಗುತ್ತದೆ ಎಂದು ಅಕ್ಕನ ಯಜಮಾನರಿಗೂ ತಿಳಿದಿರಲಿಲ್ಲ. ಅವರು ಬೇಲೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಮೆತ್ತಗಿನ ಮನುಷ್ಯ. "ನಮ್ಮನೆಯೋಳು ಅಂಗಡಿ ಇಟ್ಟಿಲ್ಲ ಕಣಮ್ಮ, ಪರೀಕ್ಷೆ ಇಟ್ಟಿದಾಳೆ" ಎನ್ನುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ಅವರದು ಎಂದೂ ಬದಲಾಗದ ಮಾತಾಗಿತ್ತು. ನಮ್ಮ ಕಡೆ ಕರೆಂಟು ದಿನಕ್ಕೆ ಹಲವು ಸಲ ಹೋಗಿ ಬರುತ್ತದೆ. ಪ್ರತಿಸಲವೂ ಯಾರಾದರೂ ಬಂದು ಹಸಿರು ಗುಂಡಿ ಒತ್ತಿದರೇ ಡ್ರಮ್ಮು ತಿರುಗಬೇಕು. ಸಿದ್ದಮ್ಮನಿಗೆ ಇದು ಸಾಕಾಗಿಹೋಗಿತ್ತು.

"ತ್ವಾಟದ್ ಪಂಪು ಕರೆಂಟ್ ಬಂದೇಟ್ಗೆ ತಾನೇ ಓಡ್ತೈತೆ. ಇದ್ಕೂ ಹಂಗೇ ಆಟೋ ಹಾಕ್ಕೊಡ್ರವ್ವ" ಎಂದಳು ಒಂದು ದಿನ.

"ಪಂಪು ಬೋರಿನೊಳಗೆ ಇರುತ್ತೆ, ಅಲ್ಲಿ ಯಾರೂ ಕೈ ಇಡಲ್ಲ" ಎಂದರು ಅಕ್ಕ. "ಇದರ ಹಲ್ಲಿನ ಸಂದಿಗೆ ಕೈ ಹಾಕಿ ನಾರು ಕೀಳೋಳು ನೀನು. ನೀನು ಹ್ಞೂ ಅನ್ನದೆ ಇದು ತಿರುಗಬಾರದು. ಇನ್ನೊಂದು ಮಾತು, ಕರೆಂಟ್ ಇಲ್ಲ ಅಂತ ಸುಮ್ನೆ ಮುಚ್ಚಳ ತೆಗೀಬೇಡ. ಮೇನ್ ಸ್ವಿಚ್ ಇಳಿಸು, ಆಮೇಲೆ ತೆಗಿ."

ಹೀಗೆ ಕೆಲವು ವರ್ಷ ಕಳೆದವು. ಮಿಲ್ಲು ಬೆಳೆಯಿತು. ಎರಡನೆಯ ಡ್ರಮ್ಮು ತಂದೆವು, ಅದರ ಪ್ಯಾನಲ್ಲಿಗೂ ಅಕ್ಕನ ಹತ್ತಿರವೇ ಹೋದೆ. ಎಂದಿನಂತೆ ಕೂರಿಸಿ ಕೇಳಿದರು. ಖಾಲಿ ಇರುತ್ತಾ, ತುಂಬಿರುತ್ತಾ. ಹೇಳಿದೆ. ಕಾಫಿ ಬಂತು. ಮತ್ತೆ ಕೇಳಿದರು. ಹೇಳಿದೆ. ಮೂರನೆಯ ಸಲ ಕೇಳಿದಾಗ ನನಗೆ ಅನುಮಾನ ಬಂದದ್ದು ನನ್ನ ಮೇಲೇ. ಮೊದಲು ಏನೋ ತಪ್ಪು ಹೇಳಿರಬೇಕು, ಅದಕ್ಕೇ ಬಿಡುತ್ತಿಲ್ಲ ಎಂದುಕೊಂಡೆ. ಹೊರಡುವಾಗ, "ಇದಕ್ಕೆ ಆಟೋ ಹಾಕಿಬಿಡೋಣ" ಎಂದರು.

"ಮಿಲ್ಲಿಗೆ ಆಟೋ ಬೇಡ ಅಂತಿದ್ರಲ್ಲ ಅಕ್ಕ?"

"ಇದಕ್ಕೆ ಹಾಕ್ಬಹುದು" ಎಂದರು, ಬಹಳ ಸಮಾಧಾನವಾಗಿ.

ಎಣ್ಣೆ ಮಿಲ್ಲಿಗೊಂದು, ನನಗೊಂದು ಹೇಳಿದವರು. ಕಲ್ಲಿನ ಧೂಳಿಗೊಂದು, ನಾರಿನ ಪುಡಿಗೊಂದು ಹೇಳಿದವರು. ಇದರ ಹಿಂದೆಯೂ ಒಂದು ಕಾರಣವಿರುತ್ತದೆ, ನನಗೆ ಹೊಳೆಯುತ್ತಿಲ್ಲ ಅಷ್ಟೇ, ಎಂದುಕೊಂಡು ಬಂದೆ. ಅವರ ಮಾತು ಅರ್ಥವಾಗದಿರುವುದು ನನಗೆ ಅಷ್ಟು ರೂಢಿಯಾಗಿತ್ತು.

ಪ್ಯಾನಲ್ ಕೂರಿಸುವ ದಿನ ಅಕ್ಕನ ಜೊತೆ ಯಜಮಾನರೂ ಬಂದರು. ಅದೇ ಹೊಸದು, ಅವರು ಮಿಲ್ಲಿನ ಕಡೆ ಬರುತ್ತಿರಲಿಲ್ಲ. ಡ್ರಮ್ಮು ಚೆನ್ನಾಗಿ ತಿರುಗಿತು. ಸಿದ್ದಮ್ಮ ಮಟ್ಟೆ ಹಾಕಿದಳು, ನಾರು ಬಿತ್ತು. ಮಧ್ಯಾಹ್ನದ ಹೊತ್ತಿಗೆ ಕರೆಂಟು ಹೋಯಿತು. ಡ್ರಮ್ಮು ನಿಧಾನವಾಗಿ ನಿಂತಿತು. ಹಲ್ಲುಗಳಿಗೆ ನಾರು ಸುತ್ತಿಕೊಂಡಿರುವುದನ್ನು ಅಕ್ಕ ಬಗ್ಗಿ ನೋಡಿದರು. ಮುಚ್ಚಳ ತೆಗೆದರು. ಮೇನ್ ಸ್ವಿಚ್ಚಿನ ಕಡೆ ತಿರುಗಿಯೂ ನೋಡದೆ ಒಳಗೆ ಕೈ ಹಾಕಿ ನಾರು ಕೀಳತೊಡಗಿದರು.

"ಅವ್ವ, ಮೇನು" ಎಂದಳು ಸಿದ್ದಮ್ಮ.

ಅಕ್ಕನಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಶೆಡ್ಡಿನ ದೀಪ ಹತ್ತಿತು. ಪ್ಯಾನಲ್ಲಿನೊಳಗೆ ಟಕ್ ಎಂದಿತು. ಯಾರೂ ಯಾವ ಗುಂಡಿಯನ್ನೂ ಮುಟ್ಟಿರಲಿಲ್ಲ. ಸಿದ್ದಮ್ಮ ಕೈಯಲ್ಲಿದ್ದ ಬುಟ್ಟಿ ಬಿಸಾಕಿ, ಅಕ್ಕನ ಸೊಂಟಕ್ಕೆ ಎರಡೂ ಕೈ ಹಾಕಿ ಹಿಂದಕ್ಕೆ ಎಳೆದಳು. ಇಬ್ಬರೂ ನಾರಿನ ರಾಶಿಯ ಮೇಲೆ ಬಿದ್ದರು. ಖಾಕಿ ಶರ್ಟಿನ ತೋಳಿನ ಅಂಚು ಹರಿದು ಡ್ರಮ್ಮಿನ ಜೊತೆ ಸುತ್ತತೊಡಗಿತು. ನಾನು ಓಡಿಹೋಗಿ ಕೆಂಪು ಗುಂಡಿ ಒತ್ತಿದೆ.

ಅಕ್ಕನ ಕೈಗೆ ಏನೂ ಆಗಿರಲಿಲ್ಲ, ಮೊಣಕೈ ತರಚಿತ್ತು. ಸಿದ್ದಮ್ಮ ನಾರಿನ ರಾಶಿಯ ಮೇಲೆಯೇ ಕೂತಿದ್ದಳು. ಅಕ್ಕ ಎದ್ದು ಸೀರೆ ಕೊಡವಿಕೊಂಡರು. ಪ್ಯಾನಲ್ಲಿನ ಹತ್ತಿರ ಹೋಗಿ ಬಾಗಿಲು ತೆಗೆದು ಒಳಗೆ ನೋಡುತ್ತ ನಿಂತರು. ಮುಖ ಕೆಂಪಾಗಿತ್ತು. ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡಿರಲಿಲ್ಲ.

"ಮಟ್ಟೆ ಡ್ರಮ್ಮಿಗೆ ಆಟೋ ಹಾಕಿದಾರಲ್ಲ. ಯಾರೇ ಇದನ್ನ ಮಾಡಿದೋರು?" ಎಂದು ನನ್ನನ್ನು ಕೇಳಿದರು.

ಮೊದಲು ನಾನು ಇದನ್ನು ಒಂದು ಬಗೆಯ ಗದರಿಕೆ ಎಂದುಕೊಂಡೆ. ನಾನೇ ಬೇಡವೆಂದು ಹಟ ಮಾಡಬೇಕಿತ್ತು ಎಂದು ಹೀಗೆ ಹೇಳುತ್ತಿದ್ದಾರೆ ಎಂದು. ಆಮೇಲೆ ಯಜಮಾನರ ಮುಖ ನೋಡಿದೆ. ಅವರು ಹೆಂಡತಿಯನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದರು.

"ನೀವೇ ಅಕ್ಕ" ಎಂದೆ.

ಅವರು ಪ್ಯಾನಲ್ಲಿನ ಬಾಗಿಲ ಮೇಲೆ ತಮ್ಮ ಅಂಗಡಿಯ ಚೀಟಿ ಅಂಟಿಸಿದ್ದನ್ನು ನೋಡಿದರು. ವಯರುಗಳನ್ನು ಕಟ್ಟಿದ್ದ ರೀತಿಯನ್ನು ನೋಡಿದರು. ಆಮೇಲೆ ಮೇನ್ ಸ್ವಿಚ್ ಇಳಿಸಿ, ಯಜಮಾನರನ್ನು ಅದರ ಮುಂದೆ ನಿಲ್ಲಿಸಿ, "ಯಾರಿಗೂ ಮುಟ್ಟೋಕೆ ಬಿಡಬೇಡಿ" ಎಂದು ಹೇಳಿ, ಸ್ಟೂಲು ಎಳೆದುಕೊಂಡು ಕೂತು ಸ್ಕ್ರೂಡ್ರೈವರ್ ತೆಗೆದರು. ಬಿಚ್ಚಬೇಕಾದ ವಯರು ಬಿಚ್ಚಿ, ಸೇರಿಸಬೇಕಾದ ಕಡೆ ಸೇರಿಸಿ, ಹಸಿರು ಗುಂಡಿ ಒತ್ತದೆ ತಿರುಗದಂತೆ ಮಾಡಿ, ಮೇನನ್ನು ಇಳಿಸಿ ಏರಿಸಿ ಪರೀಕ್ಷೆ ಮಾಡಿ ತೋರಿಸಿದರು. ಒಂದು ಸಲವೂ ಕೈ ತಡವರಿಸಲಿಲ್ಲ. ಇಷ್ಟು ಹೊತ್ತು ಕಂಡದ್ದು ನಿಜವೋ, ಈಗ ಕಾಣುತ್ತಿರುವುದು ನಿಜವೋ ಎಂದು ನನಗೆ ತಲೆ ಕೆಟ್ಟುಹೋಯಿತು.

ಹೊರಡುವ ಮೊದಲು ಸಿದ್ದಮ್ಮನ ಪಕ್ಕ ಹೋಗಿ ಕೂತರು. "ಬೇರೆ ದಿನ ಆಗಿದ್ರೆ ಅಲ್ಲಿ ನಿನ್ನ ಕೈ ಇರ್ತಿತ್ತು" ಎಂದರು. ಸಿದ್ದಮ್ಮ, "ಬುಡ್ರವ್ವ, ಏನೂ ಆಗ್ನಿಲ್ಲ" ಎಂದಳು.

ಎರಡು ದಿನ ಬಿಟ್ಟು ಅಕ್ಕ ಫೋನ್ ಮಾಡಿದರು. "ನಿನ್ನ ಕಾರು ಬೇಕು ಕಣೇ. ನನ್ನನ್ನ ಈಚೆಗೆ ಪ್ಯಾನಲ್ ಮಾಡ್ಕೊಟ್ಟ ಕಡೆಗೆಲ್ಲ ಕರ್ಕೊಂಡ್ ಹೋಗು." ಆಗ ಯಜಮಾನರು ನನಗೆ ಬಿಡಿಸಿ ಹೇಳಿದರು. ಹಾಸನದ ಡಾಕ್ಟರು ಇದು ಮರೆವಿನ ಕಾಯಿಲೆ ಎಂದು ಕೆಲವು ತಿಂಗಳ ಹಿಂದೆಯೇ ಹೇಳಿದ್ದರಂತೆ. ಅಕ್ಕ ಒಪ್ಪಿರಲಿಲ್ಲ. ಇವರೂ ಒತ್ತಾಯ ಮಾಡಿರಲಿಲ್ಲ. "ಅಂಗಡಿ ಬಿಟ್ರೆ ಇನ್ನೂ ಬೇಗ ಮರೀತಾಳೇನೋ ಅಂತ ನಾನು ಸುಮ್ಮನಿದ್ದೆ ಕಣಮ್ಮ. ಸರಿ ಮಾಡಿದ್ನೋ ಇಲ್ವೋ" ಎಂದರು.

ಹೊರಟೆವು. ಹಾಸನದಿಂದ ಒಬ್ಬ ಎಲೆಕ್ಟ್ರಿಷಿಯನ್ನನ್ನೂ ಅಕ್ಕನೇ ಹೇಳಿ ಕರೆಸಿಕೊಂಡಿದ್ದರು. ಹಳೆಯ ಗಿರಾಕಿಗಳೂ ಈಚೆಗೆ ಹೊಸ ಪ್ಯಾನಲ್ ಮಾಡಿಸಿಕೊಂಡಿದ್ದರು. ಮೊದಲು ಅರಸೀಕೆರೆಯ ಎಣ್ಣೆ ಮಿಲ್ಲು. ಅಕ್ಕ ಒಳಗೆ ಹೋದವರೇ ಕೂರಲೂ ಇಲ್ಲ. "ನನ್ನ ತಲೆ ನೆಟ್ಟಗಿಲ್ಲ. ನಾನು ಮಾಡಿರೋದನ್ನ ಇವರು ಒಂದು ಸಲ ನೋಡ್ಲಿ" ಎಂದರು. ಮಿಲ್ಲಿನ ಯಜಮಾನರು ಜೋರಾಗಿ ನಕ್ಕರು. "ನಿಮ್ಮ ತಲೆ ನೆಟ್ಟಗಿಲ್ದಿದ್ರೆ ನಮ್ಮದೆಲ್ಲ ಏನ್ರೀ ಅಕ್ಕ" ಎಂದು ಕಾಫಿ ತರಿಸಿದರು. ಅಕ್ಕ ನಗಲಿಲ್ಲ. ಬೇಲೂರಿನ ಗಿರಣಿಯವರಿಗೆ ಮಾತ್ರ ಸಿಟ್ಟು ಬಂತು. ಇನ್ನೊಬ್ಬ ಮೆಕ್ಯಾನಿಕ್ಕನನ್ನು ಮುಂದಿಟ್ಟುಕೊಂಡು ಏನೋ ಮಾರಲು ಬಂದಿದ್ದಾರೆ ಎಂದು ಅವರು ತಿಳಿದರು. ಪ್ಯಾನಲ್ ತೆಗೆಯಲು ಬಿಡಲಿಲ್ಲ. ಅಕ್ಕ ಗಿರಣಿಯ ಬಾಗಿಲಲ್ಲೇ ನಿಂತು, ಹಿಟ್ಟಿಗೆಂದು ಬಂದ ಹೆಂಗಸರೆಲ್ಲ ನೋಡುತ್ತಿದ್ದಂತೆ, ಅದೇ ಮಾತನ್ನು ಮತ್ತೆ ಹೇಳಿದರು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿದವರು, ಗಿರಾಕಿಗಳನ್ನು ಎಬ್ಬಿಸಿ ಕಳಿಸುತ್ತಿದ್ದವರು. ನನಗೆ ಕಾರಿನಲ್ಲಿ ಕೂತಲ್ಲೇ ಕಣ್ಣೀರು ಬಂತು. ಕೊನೆಗೆ ಗಿರಣಿಯವರ ಹೆಂಡತಿ ಬಂದು, "ನೋಡ್ಕೊಂಡ್ ಹೋಗ್ಲಿ ಬಿಡ್ರಿ" ಎಂದು ದಾರಿ ಬಿಟ್ಟರು.

ಹಳೇಬೀಡು, ಜಾವಗಲ್ಲು, ಮತ್ತೆ ಅರಸೀಕೆರೆ. ಹಲವು ದಿನ ತಿರುಗಿದೆವು. ವಿಚಿತ್ರವೆಂದರೆ ನೋಡಿದ ಪ್ಯಾನಲ್ಲುಗಳೆಲ್ಲ ಸರಿಯಾಗಿಯೇ ಇದ್ದವು. ಹಾಸನದ ಎಲೆಕ್ಟ್ರಿಷಿಯನ್ ಕಡೆಕಡೆಗೆ, "ಇಷ್ಟು ಚೊಕ್ಕವಾಗಿ ಯಾರು ಮಾಡ್ತಾರೆ ಮೇಡಂ" ಎನ್ನತೊಡಗಿದರು. ತಪ್ಪಾಗಿದ್ದದ್ದು ನನ್ನದೊಂದೇ. ಅದು ಕಾಯಿಲೆಯ ಕೆಲಸವೋ, ಬೆಲ್ಟಿನ ವಿಷಯದಲ್ಲಿ ಆದಂತೆ ಬರೀ ಒಂದು ತಪ್ಪೋ ಎಂದು ನಾನು ಯೋಚಿಸುತ್ತಿದ್ದೆ. ಯಜಮಾನರಿಗೆ ಆಸೆ ಮೂಡಿತು. "ಹಾಗಾದ್ರೆ ಇನ್ನೊಂದಿಷ್ಟು ದಿನ ಅಂಗಡಿ ನಡೆಸಬಹುದಲ್ವಾ" ಎಂದರು. ಅಕ್ಕ ಕಿಟಕಿಯಾಚೆ ನೋಡುತ್ತ, "ಅದೊಂದು ಯಾಕೆ ತಪ್ಪಾಯ್ತು ಅಂತ ನನಗೆ ಗೊತ್ತಿಲ್ವಲ್ಲ ರೀ. ಗೊತ್ತಿದ್ದಿದ್ರೆ ನಡೆಸಬಹುದಿತ್ತು" ಎಂದರು. ಆಮೇಲೆ ಅವರು ಒಂದು ಪ್ಯಾನಲ್ಲನ್ನೂ ಮಾಡಲಿಲ್ಲ.

ಅಂಗಡಿ ಖಾಲಿ ಮಾಡುವ ದಿನ ನಾನು ಸಹಾಯಕ್ಕೆ ಹೋಗಿದ್ದೆ. ಅಕ್ಕನನ್ನು ಹೊರಗೆ ನೆರಳಿನಲ್ಲಿ ಕೂರಿಸಿದ್ದೆವು. ಬಾಣಾವರದ ಕಡೆಯ ಒಬ್ಬರು ಬಂದರು. ಮನೆಯಲ್ಲೇ ಖಾರದ ಪುಡಿ ಕುಟ್ಟುವ ಯಂತ್ರ ಹಾಕಿದ್ದಾರಂತೆ, ಅದಕ್ಕೊಂದು ಸ್ಟಾರ್ಟರ್ ಬೇಕಿತ್ತು. ಮೋಟರಿನ ವಿಷಯವನ್ನೆಲ್ಲ ತಾವಾಗಿಯೇ ಹೇಳಿ, "ಏನು ಹಾಕ್ಬೇಕು ಹೇಳ್ರವ್ವ" ಎಂದು ನಿಂತರು.

ಅಕ್ಕ ಅವರ ಮುಖವನ್ನು ನೋಡಿದರು. "ನನಗೆ ಗೊತ್ತಿಲ್ಲಪ್ಪ" ಎಂದರು.

ಬಂದವರು ಹೋಗಲಿಲ್ಲ. ಅಕ್ಕ ಹೀಗೆ ಹೇಳುವುದೂ ಒಂದು ಬಗೆಯ ಪರೀಕ್ಷೆ ಇರಬೇಕೆಂದುಕೊಂಡು ಮೆಟ್ಟಿಲ ಮೇಲೆ ಕೂತರು. ಕೊನೆಗೆ ನಾನೇ ಅವರನ್ನು ಎಬ್ಬಿಸಿ, ಅದೇ ರಸ್ತೆಯ, ಅಕ್ಕ ಮಾತು ಬಿಟ್ಟಿದ್ದ ಅಂಗಡಿಗೆ ಕರೆದುಕೊಂಡು ಹೋದೆ. ಅಲ್ಲಿನವರು ಒಂದು ಪೆಟ್ಟಿಗೆ ತೆಗೆದುಕೊಟ್ಟರು. ವಾಪಸು ಬಂದಾಗ ಅಕ್ಕ ನನ್ನ ಸೆರಗು ಹಿಡಿದು ಪಕ್ಕಕ್ಕೆ ಎಳೆದರು.

"ಅವರಿಗೆ ಸಿಕ್ತಾ?"

"ಸಿಕ್ತು ಅಕ್ಕ."

"ಏನು ಕೊಟ್ರು?"

ನನಗೆ ತಿಳಿದಷ್ಟು ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಯೋಚಿಸಿದರು. ತುಟಿ ಅಲ್ಲಾಡುತ್ತಿತ್ತು. ಆಮೇಲೆ, "ಸರಿಯಾಗಿದೆ" ಎಂದರು.

ಅವರು ನಿಜವಾಗಿ ಲೆಕ್ಕ ಹಾಕಿ ಹೇಳಿದರೋ, ನನ್ನ ಮನಸ್ಸಿಗೆ ಸಮಾಧಾನವಾಗಲಿ ಎಂದು ಹೇಳಿದರೋ ನನಗೆ ಗೊತ್ತಾಗಲಿಲ್ಲ. ಕೊಟ್ಟದ್ದು ಸರಿಯೇ ಎಂದು ನೋಡಿ ಹೇಳುವಷ್ಟು ವಿದ್ಯೆ ನನಗಿಲ್ಲ. ಇನ್ಯಾರನ್ನು ಕೇಳಬೇಕೆಂದು ಯೋಚಿಸಿದೆ. ಅಂಥ ವಿಷಯಕ್ಕೆ ನಾನು ಕೇಳುತ್ತಿದ್ದದ್ದು ಇವರೊಬ್ಬರನ್ನೇ.